ಎಳ್ಳುನೀರು ಬಿಟ್ಟ ಹಾಡುಗಳು

ಸನ್ಮಾನ್ಯ ಓದುಗರ ಸನ್ನಿಧಿಗೆ ವಿನಯಪೂರ್ವಕ ವಿಜ್ಞಾಪನೆ.

ಮೊದಲನೆಯದಾಗಿ, ಈ ಬರಹದಲ್ಲಿ ಕಾಣಬಹುದಾದ ಕಾಗುಣಿತದ ದೋಷಗಳನ್ನೂ ನನ್ನ ಅಂಕುಡೊಂಕಾದ ಅಕ್ಷರಗಳನ್ನೂ ತಾವು ಕ್ಷಮಿಸಬೇಕಾಗಿ ಕೋರುತ್ತೇನೆ. ನಾನು ಹುಟ್ಟಿ ಬೆಳೆದದ್ದು ಕಾಶಿಯ ಹನುಮಾನ್ ಘಾಟಿನಲ್ಲಿ. ಶಾಲೆಯಲ್ಲಿ ಕಲಿತದ್ದು ಹಿಂದಿ. ಕನ್ನಡದ ಅಕ್ಷರಗಳನ್ನು ಅಮ್ಮ ಅಡುಗೆಮನೆಯ ನೆಲದ ಮೇಲೆ ಇದ್ದಿಲಿನಿಂದ ಬರೆದು ಕಲಿಸಿದಳು. ತರುವಾಯ ಕನ್ನಡದಲ್ಲಿ ನಾನು ಬರೆದದ್ದೆಲ್ಲ ಅಪ್ಪನವರ ಪರವಾಗಿ ಯಾತ್ರಿಕರಿಗೆ ಬರೆದ ಪತ್ರಗಳು ಮಾತ್ರ. ‘ತಾವು ದಯಮಾಡಿಸುವ ದಿನವನ್ನು ಮುಂಚಿತವಾಗಿ ತಿಳಿಸತಕ್ಕದ್ದು, ಹಾಸಿಗೆ, ಊಟ ಮತ್ತು ಶ್ರಾದ್ಧದ ಸಾಮಗ್ರಿಗಳ ವ್ಯವಸ್ಥೆ ಮಾಡಲಾಗುವುದು’ ಎಂಬಂಥವು. ಆದುದರಿಂದ ಬರೆಯಲು ಕುಳಿತರೆ ಕೈ ತಾನಾಗಿಯೇ ಆ ಧಾಟಿಗೆ ಹೋಗುತ್ತದೆ. ಹಾಡುಗಳ ವಿಷಯವನ್ನು ಈ ಧಾಟಿಯಲ್ಲಿ ಬರೆಯಬಹುದೋ ಬಾರದೋ ನಾನರಿಯೆ. ಬೇರೆ ಧಾಟಿ ನನಗೆ ಬಾರದು.

ಈ ಮೂಲಕ ತಮ್ಮ ಅವಗಾಹನೆಗೆ ತರಬಯಸುವ ವಿಷಯವೇನೆಂದರೆ, ಸಾವಿರದ ಒಂಬೈನೂರ ಎಪ್ಪತ್ತರ ದಶಕದಲ್ಲಿ ನಮ್ಮ ಮನೆಗೆ ಬಂದು ಸೇರಿದ ಒಂದು ಮರದ ಪೆಟ್ಟಿಗೆಯ ತುಂಬ ಇದ್ದ ಪರದೇಶದ ರೆಕಾರ್ಡುಗಳು, ಅವುಗಳಲ್ಲಿ ನನಗೆ ಪ್ರಿಯವಾದವು, ಮತ್ತು ಅವು ನನ್ನ ಬಳಿ ಉಳಿಯುತ್ತವೆಯೋ ಇಲ್ಲವೋ ಎಂದು ಆ ವರ್ಷಗಳಲ್ಲಿ ನಾನು ಪಟ್ಟ ಆತಂಕ.

ನಮ್ಮದು ಯಾತ್ರಿಕರು ಇಳಿದುಕೊಳ್ಳುವ ಮನೆ. ಅಪ್ಪನವರು ಕರ್ನಾಟಕದಿಂದ ಬರುವವರಿಗೆ ಗಂಗಾತೀರದಲ್ಲಿ ಪಿತೃಕಾರ್ಯ ಮಾಡಿಸುತ್ತಿದ್ದರು. ಕೆಳಗಿನ ಅಂತಸ್ತಿನಲ್ಲಿ ಯಾತ್ರಿಕರು, ನಡುವೆ ನಾವು, ಎಲ್ಲಕ್ಕಿಂತ ಮೇಲೆ ಹೊಳೆಯ ಕಡೆಗೆ ಕಿಟಕಿಯಿದ್ದ ಒಂದೇ ಒಂದು ಕೋಣೆ. ಮಧ್ಯಾಹ್ನದ ಬಿಸಿಲು ನೀರಿನ ಮೇಲೆ ಬಿದ್ದು ಆ ಕೋಣೆಯ ಚಾವಣಿಯಲ್ಲಿ ಅಲೆಅಲೆಯಾಗಿ ಆಡುತ್ತಿತ್ತು. ಮಲಗಿ ನೋಡಿದರೆ ಗಂಗೆಯೇ ನಮ್ಮ ಮೇಲೆ ಹರಿಯುತ್ತಿದ್ದಾಳೆ, ನಾವು ತಳದಲ್ಲಿದ್ದೇವೆ ಎನ್ನಿಸುತ್ತಿತ್ತು.

ಕಾಶಿಗೆ ಬಂದವರು ತಮಗೆ ಪ್ರಿಯವಾದುದೊಂದನ್ನು ಇಲ್ಲಿ ಬಿಟ್ಟುಹೋಗಬೇಕೆಂಬ ಸಂಪ್ರದಾಯ ತಮಗೂ ತಿಳಿದಿರಬಹುದು. ಸಾಮಾನ್ಯವಾಗಿ ಒಂದು ಹಣ್ಣು, ಇಲ್ಲವೇ ಒಂದು ಕಾಯಿಪಲ್ಯ. ಕಾರ್ಯವೆಲ್ಲ ಮುಗಿದ ಮೇಲೆ ಅಪ್ಪನವರು ‘ನಿಮಗೆ ಇಷ್ಟವಾದದ್ದನ್ನು ಇಲ್ಲಿ ಬಿಡಿ’ ಎನ್ನುತ್ತಿದ್ದರು. ಯಾತ್ರಿಕರು ಹೆಸರು ಹೇಳಿ ಎಳ್ಳುನೀರು ಬಿಡುತ್ತಿದ್ದರು. ಆಮೇಲೆ ಆಯುಷ್ಯದಲ್ಲಿ ಅದನ್ನು ಮುಟ್ಟುವಂತಿಲ್ಲ. ಈ ವಿಷಯದಲ್ಲಿ ನಮ್ಮ ಜನರ ಜಾಣತನವನ್ನು ಬಾಲ್ಯದಿಂದ ಕಂಡಿದ್ದೇನೆ. ಬಹುಮಂದಿ ಬಿಡುತ್ತಿದ್ದುದು ಹಾಗಲಕಾಯಿ. ಸಕ್ಕರೆ ರೋಗದವರು ಸಿಹಿ ಬಿಡುತ್ತಿದ್ದರು. ಗದಗಿನ ಕಡೆಯ ಗೃಹಸ್ಥರೊಬ್ಬರು ಪಡವಲಕಾಯಿ ಎಂದಾಗ ಅವರ ಮನೆಯವರು, ಅದು ನಿಮಗೆ ಮೊದಲೇ ಸೇರುವುದಿಲ್ಲ, ಚಹಾ ಬಿಡಿ ಎಂದು ಎಲ್ಲರೆದುರು ಹೇಳಿದರು. ಆ ಗೃಹಸ್ಥರು ಕೇಳಿಸಲೇ ಇಲ್ಲವೆಂಬಂತೆ ಅವಸರದಿಂದ ನೀರು ಬಿಟ್ಟುಬಿಟ್ಟರು.

ಒಂದು ಬೇಸಿಗೆಯಲ್ಲಿ, ಲೂ ಎಂಬ ಬಿಸಿಗಾಳಿ ಬೀಸಿ ಯಾತ್ರಿಕರು ಯಾರೂ ಬಾರದಿದ್ದಾಗ, ಅಪ್ಪನವರು ಮೇಲಿನ ಕೋಣೆಯನ್ನು ಪರದೇಶದವರೊಬ್ಬರಿಗೆ ಬಾಡಿಗೆಗೆ ಕೊಟ್ಟರು. ಅವರು ಗೆಳೆಯರೊಡನೆ ವ್ಯಾನಿನಲ್ಲಿ ಭೂಮಾರ್ಗವಾಗಿ ದೇಶದೇಶ ದಾಟಿ ಬಂದವರು. ದಿಲ್ಲಿಯಲ್ಲಿ ವ್ಯಾನು ಮಾರಿ ಗೆಳೆಯರು ಚದುರಿಹೋದರು. ಇವರು ತಬಲಾ ಕಲಿಯಲು ಕಾಶಿಗೆ ಬಂದರು, ಬರುವಾಗ ರೆಕಾರ್ಡುಗಳ ಪೆಟ್ಟಿಗೆಯೊಂದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಿಂದ ಇಳಿದರು. ಬಹಳ ಎತ್ತರದ ಆಳು. ಗಲ್ಲಿಯವರು ಅವರಿಗೆ ‘ಲಂಬೂ’ ಎಂದು ಹೆಸರಿಟ್ಟರು. ಅಜ್ಜಿ, ಎಂದರೆ ಅಪ್ಪನವರ ತಾಯಿ, ಸ್ನಾನ ಮಾಡದೆ ನೀರಿನ ಕೊಡ ಮುಟ್ಟಬಾರದು ಎಂಬುದು ಮೊದಲಾಗಿ ಹಲವು ಷರತ್ತುಗಳನ್ನು ಹಾಕಿದರು. ಅವರು ಎಲ್ಲವನ್ನೂ ಒಪ್ಪಿದರು.

ನಮ್ಮ ಮನೆಯಲ್ಲಿ ಸೂಟ್‌ಕೇಸಿನಂತೆ ಮುಚ್ಚುವ ಒಂದು ರೆಕಾರ್ಡ್ ಪ್ಲೇಯರ್ ಇತ್ತು. ಬೆಳಗಿನ ಹೊತ್ತು ಯಾತ್ರಿಕರಿಗೆ ಸುಪ್ರಭಾತ ಕೇಳಿಸಲಿ ಎಂದು ಹುಬ್ಬಳ್ಳಿಯ ವ್ಯಾಪಾರಸ್ಥರೊಬ್ಬರು ಕೊಟ್ಟದ್ದು. ಬಾಡಿಗೆದಾರರು ಅದನ್ನು ಮಧ್ಯಾಹ್ನ ಎರವಲು ಕೇಳಿ ಮೇಲೆ ಒಯ್ಯುತ್ತಿದ್ದರು. ನಾನು ಆಗ ಕಾಲೇಜಿನಲ್ಲಿದ್ದೆ. ರಜೆಯ ದಿನಗಳಲ್ಲಿ ಅಕ್ಕಿಯ ಕಲ್ಲು ಆರಿಸುವ ನೆಪದಿಂದ ಮೊರ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಆ ವರ್ಷದಷ್ಟು ಶುದ್ಧವಾದ ಅಕ್ಕಿಯನ್ನು ನಮ್ಮ ಮನೆಯಲ್ಲಿ ಮತ್ತೆಂದೂ ಯಾರೂ ಉಂಡಿಲ್ಲ. ಅವರೂ ಇದನ್ನು ಗಮನಿಸಿರಬೇಕು. ಬಾಗಿಲನ್ನು ತೆರೆದೇ ಇಡುತ್ತಿದ್ದರು. ಪೆಟ್ಟಿಗೆಯಲ್ಲಿ ರಟ್ಟಿನ ಅಡ್ಡಗಳನ್ನಿಟ್ಟು ಮೂರು ಭಾಗ ಮಾಡಿದ್ದರು. ಇದು ಸೋಲ್, ಇದು ಫಂಕ್, ಇದು ರಾಕ್ ಎಂದು ಒಮ್ಮೆ ಅಲ್ಲಿಂದಲೇ ಪರಿಚಯ ಮಾಡಿಸಿದರು, ನೆಂಟರನ್ನು ಪರಿಚಯಿಸುವಂತೆ.

ಮಳೆಗಾಲ ಮುಗಿಯುವ ವೇಳೆಗೆ ಅವರಿಗೆ ಊರಿನಿಂದ ಕಾಗದ ಬಂತು. ಅವರ ತಾಯಿ ತೀರಿಕೊಂಡಿದ್ದರು. ಕಾಗದ ತಲಪುವ ಮುಂಚೆ ಅಲ್ಲಿ ಎಲ್ಲವೂ ಮುಗಿದುಹೋಗಿತ್ತು. ಅವರು ಊಟ ಬಿಟ್ಟು ಕಿಟಕಿಯಲ್ಲಿ ಕೂತುಬಿಟ್ಟರು. ಅಪ್ಪನವರು ತಡೆಯಲಾರದೆ ಮೇಲೆ ಹೋಗಿ, ತಾಯಿಗಾಗಿ ಏನಾದರೂ ಮಾಡುವುದಿದ್ದರೆ ಇದೇ ಸ್ಥಳ, ಮಾಡಿಸುತ್ತೇನೆ ಎಂದರು. ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ ಎಂಬ ನಿಯಮವಿದೆಯಲ್ಲ, ಅದರಂತೆ ಮರುದಿನ ಬೆಳಗ್ಗೆ ಘಾಟಿನಲ್ಲಿ ತರ್ಪಣವಾಯಿತು. ನಾನು ಎಳ್ಳಿನ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತು, ಅಪ್ಪನವರ ಮಾತನ್ನು ನನ್ನ ಕಾಲೇಜಿನ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದೆ.

ಕಾರ್ಯ ಮುಗಿದಾಗ ಅಪ್ಪನವರು ದಿನವೂ ಹೇಳಿ ಬಾಯಿಗೆ ಅಂಟಿಕೊಂಡಿದ್ದ ಆ ಮಾತನ್ನು ಅಭ್ಯಾಸಬಲದಿಂದ ಹೇಳಿಬಿಟ್ಟರು. ನಾನೂ ಅದನ್ನು ಹಾಗೆಯೇ ತಿರುಗಿಸಿದೆ: ನಿಮಗೆ ಅತ್ಯಂತ ಪ್ರಿಯವಾದುದನ್ನು ಕಾಶಿಯಲ್ಲಿ ಬಿಡಬೇಕು. ಅವರು ಸ್ವಲ್ಪ ಹೊತ್ತು ನೀರನ್ನು ನೋಡಿದರು. ಒದ್ದೆ ಪಂಚೆಯಲ್ಲೇ ಮೆಟ್ಟಿಲು ಹತ್ತಿ ಹೋದರು. ಬಟ್ಟೆ ಬದಲಿಸಲು ಹೋದರೆಂದು ನಾವು ತಿಳಿದೆವು. ತಿರುಗಿ ಬಂದಾಗ ಅವರ ಹೆಗಲ ಮೇಲೆ ಪೆಟ್ಟಿಗೆ ಇತ್ತು. ಅಪ್ಪನವರು ವಸ್ತ್ರದಾನವೇನೋ ಎಂದುಕೊಂಡು ಮಂತ್ರ ಹೇಳಿ ಎಳ್ಳುನೀರು ಬಿಡಿಸಿಯೇ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಒಳಗೆ ಏನಿದೆ ಎಂದು ಕೇಳಿದರು.

ಹಾಗಲಕಾಯಿ ಬಿಡುವವರನ್ನೇ ಕಂಡ ನಮಗೆ, ನಿಜವಾಗಿಯೂ ಬಿಟ್ಟವರು ಎದುರಿಗೆ ಬಂದಾಗ ಏನು ಮಾಡಬೇಕೆಂದು ತಿಳಿಯಲಿಲ್ಲ.

ಕೆಲವೇ ದಿನಗಳಲ್ಲಿ ಅವರು ಹಿಮಾಲಯದ ಕಡೆಗೆ ಹೊರಟುಹೋದರು. ಪೆಟ್ಟಿಗೆ ನಮ್ಮ ಪಡಸಾಲೆಯಲ್ಲಿ ಉಳಿಯಿತು, ವಾದ ಶುರುವಾಯಿತು. ಕಾಶಿಯಲ್ಲಿ ಬಿಟ್ಟದ್ದು ಮನೆಯೊಳಗೆ ಇರಬಾರದು, ಗಂಗೆಯಲ್ಲಿ ಬಿಡಿ ಎಂದು ಅಜ್ಜಿಯ ಪಟ್ಟು. ನಾನು ಕಂಬದ ಹಿಂದೆ ನಿಂತು ಕೇಳುತ್ತಿದ್ದೆ. ಅಪ್ಪನವರು ತಮ್ಮ ಜಪ ಮುಗಿಸಿ ಎದ್ದು ಬಂದು ಹೇಳಿದರು:

“ಅವ್ವಾ, ಮಂದಿ ಹಲಸಿನಹಣ್ಣು ಬಿಡ್ತಾರ. ಹಂಗಂತ ಗಿಡದಾಗಿನ ಹಣ್ಣು ಯಾರೂ ತಿನ್ನೂದಿಲ್ಲೇನು? ಬಿಟ್ಟಾಂವ ಅಂವ. ನಾವಲ್ಲ.”

“ಅಂವ ತಿರುಗಿ ಬಂದು ಕೇಳಿದ್ರ?”

ಅಪ್ಪನವರು ಪೆಟ್ಟಿಗೆಯನ್ನು ಎತ್ತಿ ಮೇಲಿನ ಕೋಣೆಗೆ ಒಯ್ದಿಟ್ಟರು. ನನ್ನ ಆತಂಕದ ಮೂಲ ಅಜ್ಜಿಯ ಆ ಪ್ರಶ್ನೆಯೇ. ನಮ್ಮವರಾಗಿದ್ದರೆ ಬಿಟ್ಟದ್ದನ್ನು ಕೇಳಲಾರರು. ಅವರೋ ಪರದೇಶದವರು, ದುಃಖದಲ್ಲಿದ್ದವರು, ಒಂದು ಹಣ್ಣನ್ನು ಬಿಟ್ಟರೂ ಸಾಕೆಂಬುದನ್ನು ಯಾರೂ ಅವರಿಗೆ ತಿಳಿಸಿರಲಿಲ್ಲ. ತಿಳಿಯದೆ ಬಿಟ್ಟದ್ದು ಬಿಟ್ಟಂತಾಗುತ್ತದೆಯೇ? ನ್ಯಾಯವಾಗಿ ನೋಡಿದರೆ ಒಂದು ದಿನ ಅವರು ಬಂದು ಕೇಳಬಹುದು, ಕೇಳಿದರೆ ಕೊಡಬೇಕಾಗಬಹುದು. ಹೀಗೆ ಎಂದಾದರೂ ಹಿಂದಿರುಗಿಸಬೇಕಾದ ವಸ್ತುವನ್ನು ಪ್ರೀತಿಸುವಂತೆಯೇ ನಾನು ಆ ಹಾಡುಗಳನ್ನು ಪ್ರೀತಿಸಿದೆ.

ಯಾತ್ರಿಕರ ಊಟವಾಗಿ ಮನೆಯೆಲ್ಲ ನಿದ್ದೆ ಮಾಡುವ ಹೊತ್ತಿನಲ್ಲಿ, ಸಣ್ಣ ದನಿಯಲ್ಲಿ ಮಾತ್ರ ಹಾಕಬಹುದೆಂದು ಅನುಮತಿ ದೊರೆಯಿತು. ಈಗ ನನಗೆ ಪ್ರಿಯವಾದವುಗಳ ವಿವರವನ್ನು ಸಲ್ಲಿಸುತ್ತೇನೆ.

ಸೋಲ್ ಭಾಗದಲ್ಲಿ ಕೇಸರಿ ಬಣ್ಣದ ಹೊದಿಕೆಯ ಒಂದು ರೆಕಾರ್ಡು ಇತ್ತು. ಹಾಡುವಾಕೆ ಹಾಡು ಶುರುಮಾಡುವ ಮುಂಚೆ ಉಸಿರು ತೆಗೆದುಕೊಳ್ಳುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ನನಗೆ ಹಾಡಿಗಿಂತಲೂ ಆ ಉಸಿರು ಹೆಚ್ಚು ಪ್ರಿಯವಾಗಿತ್ತು. ಯಾವುದೋ ದೇಶದ ಯಾವುದೋ ಕೋಣೆಯ ಗಾಳಿ ಆಕೆಯ ಎದೆಗೆ ಹೋಗಿ, ಅಲ್ಲಿಂದ ನಮ್ಮ ಚಾವಣಿಯ ನೀರಿನ ಬೆಳಕಿಗೆ ಬಂದು ಸೇರುತ್ತಿದೆ ಎನ್ನಿಸುತ್ತಿತ್ತು. ಅಮ್ಮ ಹಪ್ಪಳ ಒಣಗಿಸಲು ಮೇಲೆ ಬಂದವಳು ಒಮ್ಮೆ ನಿಂತು ಕೇಳಿ, ಯಾರ ಮನೆಯ ಮಗಳೋ ತವರು ನೆನೆಸಿಕೊಂಡು ಅಳುತ್ತಿದ್ದಾಳೆ ಎಂದಳು. ಆ ಹಾಡಿನ ಅರ್ಥ ಅದಲ್ಲವೆಂದು ನನಗೆ ಗೊತ್ತಿತ್ತು. ಆದರೂ ಅಂದಿನಿಂದ ನನಗೂ ಅದೇ ಅರ್ಥವಾಗಿ ಕೇಳಿಸತೊಡಗಿತು.

ಫಂಕ್ ಭಾಗದವು ನನಗೆ ಮೊದಮೊದಲು ಭಯ ಹುಟ್ಟಿಸಿದವು. ಅಲ್ಲಿ ಹಾಡೇ ಇಲ್ಲ; ಒಂದೇ ತುಂಡು ರಾಗವನ್ನು ಹಿಡಿದು ತಿರುಗಿಸುತ್ತಾರೆ, ನಡುವೆ ಒಬ್ಬರು ‘ಹ್ಞಾ’ ಎನ್ನುತ್ತಾರೆ. ಕ್ರಮೇಣ ತಿಳಿಯಿತು: ಎಲ್ಲರೂ ಎಲ್ಲೆಲ್ಲೋ ತಿರುಗಾಡಿ ಮೊದಲ ಹೊಡೆತಕ್ಕೆ ಬಂದು ಕೂಡುತ್ತಾರೆ, ನಮ್ಮ ಗಲ್ಲಿಯ ತಬಲಾದವರು ತಾಳದ ಮೊದಲ ಮಾತ್ರೆಯಾದ ಸಮಕ್ಕೆ ಬರುವಂತೆ. ಬೇಸ್ ಗಿಟಾರಿನ ದನಿ ಕಿವಿಗೆ ಬರುವುದಕ್ಕಿಂತ ಮುಂಚೆ ನೆಲದ ಕಲ್ಲಿನಿಂದ ಅಂಗಾಲಿಗೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಶರೀರವೆಂದರೆ ಸ್ನಾನ, ಮಡಿ, ಸೂತಕ, ಕೊನೆಗೆ ಬೂದಿ. ಶರೀರಕ್ಕೆ ಸಂತೋಷವೆಂಬುದೂ ಉಂಟು ಎಂದು ನನಗೆ ತಿಳಿಸಿದವು ಈ ರೆಕಾರ್ಡುಗಳು. ಕುಳಿತಲ್ಲಿಯೇ ಭುಜಗಳು ಆಡುತ್ತಿದ್ದವು. ಹೀಗೊಂದು ಮಧ್ಯಾಹ್ನ ತಿರುಗಿ ನೋಡಿದರೆ ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ನಾನು ಗಾಬರಿಯಾಗಿ ಎದ್ದೆ. ಅವರು ಪ್ಲೇಯರಿನ ಕಡೆಗೇ ನೋಡುತ್ತಾ, “ಇವಗ ಹೊಟ್ಟಿಶೂಲಿ ಅದ ಏನು? ಯಾರರ ಓಮಿನಕಾಳ ಕೊಡಬಾರದ?” ಎಂದರು. ಅಷ್ಟು ಹೇಳಿ ಕೆಳಗೆ ಹೋಗಲಿಲ್ಲ, ಗೋಡೆಗೆ ಒರಗಿ ಕುಳಿತರು. ಆಮೇಲೆ ದಿನವೂ ಬರತೊಡಗಿದರು. ಈ ಕೋಣೆಯಲ್ಲಿ ಗಾಳಿ ಚೆನ್ನಾಗಿದೆ ಎಂಬುದು ಅವರ ಕಾರಣ. ಎರಡು ದಿನ ನಾನು ಬೇರೆ ಹಾಕಿದರೆ, ಓಮಿನಕಾಳಿನವನು ಎಲ್ಲಿ, ಗುಣವಾಯಿತೇ ಎಂದು ವಿಚಾರಿಸುತ್ತಿದ್ದರು.

ರಾಕ್ ಭಾಗದಲ್ಲಿ ಒಂದು ಬದಿಯ ತುಂಬ ಒಂದೇ ಹಾಡು ಇದ್ದ ರೆಕಾರ್ಡೊಂದಿತ್ತು. ಅದರಲ್ಲಿ ಬಹಳ ಹೊತ್ತು ಏನೂ ಆಗುವುದಿಲ್ಲ. ಒಂದು ಆರ್ಗನ್ನು ಮಂಜಿನಂತೆ ನಿಂತಿರುತ್ತದೆ. ಅದರೊಳಗಿಂದ ಗಿಟಾರು ಬರುವುದು, ಬೆಳಗಿನ ಹೊತ್ತು ಆಚೆ ದಡದ ಮರಳಿನ ಕಡೆಯಿಂದ ದೋಣಿ ಬಂದಂತೆ. ಮೊದಲು ಹುಟ್ಟಿನ ಸಪ್ಪಳ, ಆಮೇಲೆ ನೆರಳು, ಆಮೇಲೆ ದೋಣಿ. ಈ ಹಾಡಿನ ನಡುವೆ ಕೆಲವು ಸಲ ಬಿಜಲಿ, ಎಂದರೆ ಕರೆಂಟು, ಹೋಗುತ್ತಿತ್ತು. ರೆಕಾರ್ಡು ಒಮ್ಮೆಗೇ ನಿಲ್ಲುವುದಿಲ್ಲವಷ್ಟೆ. ಗಿಟಾರು ನಿಧಾನವಾಗಿ ತಗ್ಗಿ ತಗ್ಗಿ ಮುಳುಗಿಹೋಗುತ್ತಿತ್ತು. ಬಿಜಲಿ ಬಂದಾಗ ಅಲ್ಲಿಂದಲೇ ಗೊಣಗುತ್ತಾ ಎದ್ದು ಮೇಲಕ್ಕೆ ಬರುತ್ತಿತ್ತು. ಆ ಹಾಡು ನಿಜವಾಗಿ ಹೇಗಿದೆಯೋ, ಅದರೊಳಗೆ ನಮ್ಮ ಊರಿನ ಬಿಜಲಿಯದೆಷ್ಟು ಪಾಲೋ ನಾನು ಇಂದಿಗೂ ಬೇರ್ಪಡಿಸಲಾರೆ.

ಇನ್ನೊಂದು, ಸಭೆಯ ಮುಂದೆ ಹಾಡಿ ಮುದ್ರಿಸಿದ್ದು. ಹಾಡಿಗೆ ಮೊದಲು ಜನರ ಗದ್ದಲ, ಯಾರೋ ಕೆಮ್ಮುವುದು, ಹೆಂಗಸೊಬ್ಬಳು ನಗುವುದು. ಆ ನಗುವಿಗಾಗಿ ನಾನು ಸೂಜಿಯನ್ನು ಮತ್ತೆ ಮತ್ತೆ ಹಿಂದಕ್ಕೆ ಇಡುತ್ತಿದ್ದೆ. ನಮ್ಮ ಊರಿನ ಲಂಕಾ ಎಂಬ ಪೇಟೆಯ ಹಳೆ ಪುಸ್ತಕದ ಅಂಗಡಿಯಲ್ಲಿ ಪರದೇಶದ ಪತ್ರಿಕೆಗಳು ಕಂಡಾಗ, ಚಿತ್ರಗಳಲ್ಲಿರುವ ಗುಂಪುಗಳ ಮುಖ ನೋಡಿ, ಇವಳೇ ಇರಬಹುದೇ ಎಂದು ಹುಡುಕುತ್ತಿದ್ದೆ.

ಹೀಗೆ ಒಂದೆರಡು ವರ್ಷಗಳು ಕಳೆದವು. ಬಾಗಿಲಲ್ಲಿ ಎತ್ತರದ ನೆರಳು ಬಿದ್ದಾಗಲೆಲ್ಲ ನನ್ನ ಎದೆ ಹಾರುತ್ತಿತ್ತು. ಮಾಘಮಾಸದ ಒಂದು ಮಧ್ಯಾಹ್ನ ಆ ನೆರಳು ಅವರದೇ ಆಗಿತ್ತು.

ಬಹಳ ಕೃಶವಾಗಿದ್ದರು. ಅಮ್ಮ ಕೊಟ್ಟ ನೀರು ಕುಡಿದು ಜಗಲಿಯ ಮೇಲೆ ಕುಳಿತರು. ತಮ್ಮ ಊರಿಗೆ ಮರಳುತ್ತಿದ್ದಾರೆ, ಸಂಜೆಯ ರೈಲಿಗೆ ಹೋಗಬೇಕು, ಅದಕ್ಕೆ ಮುಂಚೆ ಪಂಡಿತ್‌ಜೀಯವರನ್ನು ಒಂದು ಮಾತು ಕೇಳಬೇಕು ಎಂದರು. ದಶಾಶ್ವಮೇಧ ಘಾಟಿನಿಂದ ಅಪ್ಪನವರು ಬರುವವರೆಗೂ ಅವರು ಪೆಟ್ಟಿಗೆಯ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮೇಲಿನ ಕೋಣೆಯಲ್ಲಿ ಪ್ಲೇಯರಿನ ಮೇಲೆ ನಾನು ಬಿಟ್ಟುಬಂದ ರೆಕಾರ್ಡು ಹಾಗೆಯೇ ಇತ್ತು.

ಅಪ್ಪನವರು ಬಂದ ಮೇಲೆ ಪರದೇಶದವರು ತಮ್ಮ ಮಾತನ್ನು ಹೇಳಿದರು. ನಾನು ತಿರುಗಿಸುತ್ತಾ ಹೋದೆ. ತಾಯಿಯ ಹೆಸರಿನಲ್ಲಿ ಬಿಟ್ಟ ದಿನದಿಂದ ಅವರು ಅಂಥ ಒಂದು ಹಾಡನ್ನೂ ಕೇಳಿರಲಿಲ್ಲ. ಬೆಟ್ಟದ ಊರುಗಳಲ್ಲಿ, ಪರದೇಶಿಯರು ಸೇರುವ ಹೋಟೆಲುಗಳಲ್ಲಿ, ಎಲ್ಲಿ ಆ ದನಿ ಬಂದರೂ ತಟ್ಟೆ ಬಿಟ್ಟು ಎದ್ದು ಹೊರಗೆ ಹೋಗುತ್ತಿದ್ದರಂತೆ. ಈಗ ಹೋಗುತ್ತಿರುವುದು ತಮ್ಮ ಊರಿಗೆ. ಅಲ್ಲಿ ಅಂಗಡಿಯಲ್ಲಿ, ಮೋಟಾರಿನಲ್ಲಿ, ತಂಗಿಯ ಮನೆಯಲ್ಲಿ ಅವೇ ಹಾಡುಗಳು. ಎಲ್ಲಿಂದ ಎಲ್ಲಿಗೆ ಎದ್ದು ಹೋಗುವುದು? ಬಿಟ್ಟದ್ದನ್ನು ಬಿಡಿಸಿಕೊಳ್ಳುವ ಉಪಾಯವೇನಾದರೂ ಶಾಸ್ತ್ರದಲ್ಲಿ ಇದೆಯೇ?

ಈ ಕೊನೆಯ ವಾಕ್ಯವನ್ನು ನಾನು ಅರ್ಧಕ್ಕೆ ನಿಲ್ಲಿಸಿ, ಮತ್ತೆ ಮೊದಲಿನಿಂದ ಕನ್ನಡಕ್ಕೆ ತಂದೆ. ಉಪಾಯವಿದೆ ಎಂದು ಅಪ್ಪನವರು ಹೇಳಿದರೆ ಪೆಟ್ಟಿಗೆ ಮರಳಿ ಬಿಟ್ಟವರದೇ ಆಗುತ್ತದೆ, ಸಂಜೆಯ ರೈಲಿಗೆ ಅದೂ ಹೋಗುತ್ತದೆ. ಅಪ್ಪನವರು ಶಿಖೆಯನ್ನು ಸವರಿಕೊಂಡರು. ಅವರಿಗೂ ಕನಿಕರವಾಗಿತ್ತು. ಪ್ರಾಯಶ್ಚಿತ್ತವೆಂಬುದು ಇದೆ, ಆದರೆ ಅದನ್ನು ಮಾಡಿಸಿದರೆ ತಾಯಿಗೆ ಕೊಟ್ಟದ್ದನ್ನು ಕಸಿದುಕೊಂಡಂತೆ ಆಗುವುದೋ ಏನೋ ಎಂದು ತಮಗೆ ತಾವೇ ಎಂಬಂತೆ ಹೇಳಿದರು. ಅದನ್ನೂ ತಿರುಗಿಸಿದೆ. ಪರದೇಶದವರು ತಲೆತಗ್ಗಿಸಿದರು.

ಆಗ ಒಳಬಾಗಿಲಿನಿಂದ ಅಜ್ಜಿ ಮಾತಾಡಿದರು.

“ಏಕಾದಶಿ ದಿನ ಬಾಜೂಕಿನ ಮನ್ಯಾಗ ಹೋಳಿಗಿ ಬೇಯಿಸಿದ್ರ ವಾಸನಿ ಬರ್ತದ. ಉಪವಾಸ ಕೆಡ್ತದೇನು? ತಾ ಹಾಡು ಹಚ್ಚಬಾರದು, ಹಚ್ಚಂತ ಬೇಡಬಾರದು. ತಾನಾಗಿ ಕಿವಿಗೆ ಬಿದ್ದದ್ದಕ್ಕ ದೋಷ ಇಲ್ಲ. ಅವಗ ಹೇಳು.”

ಹೇಳಿದೆ. ಅಪ್ಪನವರು ಆಕ್ಷೇಪಿಸಲಿಲ್ಲ. ಪರದೇಶದವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಅಜ್ಜಿಯ ಕಡೆ ನೋಡಿ ಕೈಜೋಡಿಸಿದರು, ಅಜ್ಜಿ ನನ್ನ ಕಡೆ ನೋಡಿದರು.

“ಕೂಸ, ನೀ ಮ್ಯಾಲ ಹೋಗು. ನಿನಗ ಬೇಕಾದ್ದು ಹಚ್ಚಿಕೋ. ಕಿಟಕಿ ತಗದಿಡು, ಸೆಕಿ ಆಗೇದ.”

ಹಲ್ಲು ಕಡಿಯುವ ಚಳಿ. ಅಜ್ಜಿಯೇ ಎರಡು ಶಾಲು ಹೊದ್ದಿದ್ದರು.

ನಾನು ಮೇಲೆ ಹೋಗಿ ಕಿಟಕಿ ತೆರೆದೆ. ಅಜ್ಜಿ ಹಿಂದೆಯೇ ಮೆಟ್ಟಿಲು ಹತ್ತಿ ಬಂದು ಕಿಟಕಿಯ ಬಳಿ ಜಪಮಾಲೆ ಹಿಡಿದು ಕುಳಿತರು. ನೀನು ಕೆಳಗೆ ನೋಡಬೇಡ, ನೋಡಿ ಹಾಕಿದರೆ ಅವನಿಗಾಗಿ ಹಾಕಿದಂತೆ ಆಗುತ್ತದೆ ಎಂದು ನನ್ನನ್ನು ಗೋಡೆಯ ಕಡೆಗೆ ಮುಖ ಮಾಡಿ ಕೂರಿಸಿದರು. ಯಾವುದನ್ನು ಹಾಕುವುದು? ಅವರಿಗೆ ಯಾವುದು ಎಲ್ಲಕ್ಕಿಂತ ಪ್ರಿಯವೆಂದು ನಾನು ಎಂದೂ ಕೇಳಿರಲಿಲ್ಲ, ಈಗ ಕೇಳುವಂತೆಯೂ ಇರಲಿಲ್ಲ. ಆದ್ದರಿಂದ ನನಗೆ ಪ್ರಿಯವಾದವುಗಳನ್ನೇ ಹಾಕಿದೆ. ಮೊದಲ ಸಲ ದನಿಯ ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಆಕೆಯ ಉಸಿರು ಕಿಟಕಿಯನ್ನು ದಾಟಿ ಹೊರಗೆ ಹೋಯಿತು.

“ಘಾಟಿನ ಮೆಟ್ಟಲದ ಮ್ಯಾಲ ಕೂತಾನ,” ಎಂದರು ಅಜ್ಜಿ.

ಒಂದು ಬದಿ ಮುಗಿದು ಇನ್ನೊಂದು ಹಾಕಿದೆ. “ಇನ್ನೂ ಕೂತಾನ.” ಓಮಿನಕಾಳಿನವನನ್ನು ಹಾಕಿದಾಗ ಅಜ್ಜಿ ಸ್ವಲ್ಪ ಮುಂದಕ್ಕೆ ಬಾಗಿದರು. “ನಗಲಿಕ್ಕತ್ತಾನ, ಹುಚ್ಚ.” ಆಮೇಲೆ ಒಂದು ಬದಿಯುದ್ದದ ಆ ಹಾಡು. ಅದೃಷ್ಟವಶಾತ್ ಅಂದು ಬಿಜಲಿ ಹೋಗಲಿಲ್ಲ. ಹೊಳೆಯಿಂದ ಮಂಜು ಏಳತೊಡಗಿ ಕೋಣೆಯೊಳಕ್ಕೂ ಬಂತು. ಚಾವಣಿಯ ಬೆಳಕು ಮಾಸಿತು. ಆರ್ಗನ್ನು ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು ಎಂಬುದು ತಿಳಿಯದಂತಾಯಿತು. ಇಷ್ಟು ದಿನ ಇವು ನನ್ನಿಂದ ಹೋಗುತ್ತವೆ ಎಂದು ಕಿವಿ ಮುದುಡಿಕೊಂಡು ಕೇಳಿದ್ದೆ. ಅಂದು ಕೆಳಗೆ ಇನ್ನೊಬ್ಬರು ಕೇಳುತ್ತಿದ್ದಾರೆಂದು ತಿಳಿದು ಕೇಳಿದಾಗ, ಅದೇ ಹಾಡಿನಲ್ಲಿ ನಾನು ಕಾಣದೇ ಇದ್ದ ಕೋಣೆಗಳು ತೆರೆದುಕೊಂಡವು.

“ಕೂತಾನ,” ಎಂದು ಅಜ್ಜಿ ಮತ್ತೆ ಹೇಳಿದರು. ತುಸು ಹೊತ್ತು ಬಿಟ್ಟು ಮತ್ತೊಮ್ಮೆ ಹಾಗೆಯೇ ಹೇಳಿದರು.

ಕೊನೆಗೆ ತಡೆಯಲಾರದೆ ನಾನು ತಿರುಗಿ ನೋಡಿದೆ. ಕಿಟಕಿಯ ತುಂಬ ಬಿಳಿ ಮಂಜು. ಮೆಟ್ಟಿಲು ಕಾಣಿಸುತ್ತಿರಲಿಲ್ಲ, ಘಾಟು ಕಾಣಿಸುತ್ತಿರಲಿಲ್ಲ, ಗಂಗೆಯೂ ಕಾಣಿಸುತ್ತಿರಲಿಲ್ಲ. ಅಜ್ಜಿ ಆ ಬಿಳುಪನ್ನೇ ನೋಡುತ್ತಾ ಜಪಮಾಲೆಯ ಮಣಿ ಸರಿಸುತ್ತಿದ್ದರು. ನಾನು ಮತ್ತೆ ಗೋಡೆಯ ಕಡೆಗೆ ತಿರುಗಿದೆ. ರೆಕಾರ್ಡನ್ನು ತಿರುಗಿಸಿ ಹಾಕಿದೆ.

ಅವರು ರೈಲಿನ ಹೊತ್ತಿಗೆ ಎದ್ದು ಹೋದರೆಂದು, ಹೋಗುವಾಗ ಅಪ್ಪನವರ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರೆಂದು, ಪೆಟ್ಟಿಗೆಯ ಮಾತು ಬರಲೇ ಇಲ್ಲವೆಂದು ಅಪ್ಪನವರೇ ಊಟದ ಹೊತ್ತಿನಲ್ಲಿ ತಿಳಿಸಿದರು. ಆಮೇಲೆ ಬಾಗಿಲಲ್ಲಿ ಯಾವ ನೆರಳು ಬಿದ್ದರೂ ನನ್ನ ಎದೆ ಹಾರಲಿಲ್ಲ. ಆದರೆ ಅಂದಿನಿಂದ ನಾನು ಮಧ್ಯಾಹ್ನಗಳಲ್ಲಿ ಕಿಟಕಿಯನ್ನು ಮುಚ್ಚಿ ಹಾಡು ಕೇಳಿದ್ದಿಲ್ಲ. ಕೆಳಗಿನ ದಾರಿಯಲ್ಲಿ ಯಾರು ಏನನ್ನು ಬಿಟ್ಟು ನಡೆಯುತ್ತಿದ್ದಾರೋ ಹೇಗೆ ತಿಳಿಯಬೇಕು?

ಇಷ್ಟನ್ನು ತಮ್ಮ ಅವಗಾಹನೆಗೆ ಸಲ್ಲಿಸಿದ್ದೇನೆ. ಬರೆದು ಮುಗಿಸಿದ ಮೇಲೆ ಓದಿ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಎಲ್ಲಿ ಅಕ್ಷರ ತಪ್ಪಿದೆಯೋ, ಎಲ್ಲಿ ಮಾತು ಎಡವಿದೆಯೋ, ಅಲ್ಲಲ್ಲಿ ತಾವೇ ಲೇಖನಿ ಹಿಡಿದು ತಿದ್ದಿಕೊಂಡು ಓದಬೇಕಾಗಿಯೂ, ತಿದ್ದಿದ್ದನ್ನು ನನಗೂ ತಿಳಿಸಿ ಉಪಕರಿಸಬೇಕಾಗಿಯೂ ಪ್ರಾರ್ಥಿಸುತ್ತೇನೆ.